ಗಡಿನಾಡಿನ ಶಾಲೆಗೆ ಎರಡು ನುಡಿಯ ಗುರು

ಕಾಸರಗೋಡಿನ ಕಡೆಯಿಂದ ಮೇಲಿಂದ ಮೇಲೆ ಬರುವ ಒಂದು ವರ್ತಮಾನವನ್ನು ಕನ್ನಡಿಗರು ಓದಿ, ಒಂದು ಗಳಿಗೆ ಮರುಗಿ, ಮರುದಿನ ಮರೆತುಬಿಡುತ್ತಿರುವರು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡವನ್ನರಿಯದ ಶಿಕ್ಷಕರೊಬ್ಬರು ನೇಮಕಗೊಂಡು ಬರುವರು. ಮಕ್ಕಳು ಅವರ ಮುಖವನ್ನು ನೋಡುವರು. ಅವರು ಮಕ್ಕಳ ಮುಖವನ್ನು ನೋಡುವರು. ಗಣಿತದ ತಾಸೊ ಸಮಾಜಶಾಸ್ತ್ರದ ತಾಸೊ ಯಾರಿಗೂ ಏನೂ ತಿಳಿಯದೆ ಕಳೆದುಹೋಗುವದು. ಆಮೇಲೆ ತಂದೆತಾಯಂದಿರು ಶಾಲೆಯ ಬಾಗಿಲಲ್ಲಿ ಕೂಡುವರು. ಅರ್ಜಿ, ನಿಯೋಗ, ಪ್ರತಿಭಟನೆ, ಒಮ್ಮೊಮ್ಮೆ ನ್ಯಾಯಾಲಯದ ಮೆಟ್ಟಿಲು, ಇವೆಲ್ಲವೂ ಕ್ರಮವಾಗಿ ನಡೆಯುವವು. ಕೊನೆಗೆ ಶಿಕ್ಷಕರಿಗೆ ವರ್ಗವಾಗುವದು, ಇಲ್ಲವೆ ಕೆಲವು ತಿಂಗಳು ಕನ್ನಡ ಕಲಿತು ಬರುವಂತೆ ಅಪ್ಪಣೆಯಾಗುವದು. ಅಷ್ಟರಲ್ಲಿ ಪರೀಕ್ಷೆಯ ದಿನಗಳು ಬಂದು ನಿಂತಿರುವವು. ಹಾಗೆ ಕಳೆದುಹೋದ ವರ್ಷವು ಮಕ್ಕಳ ಆಯುಷ್ಯದ್ದು. ಅದನ್ನು ಯಾವ ನ್ಯಾಯಾಲಯದ ತೀರ್ಪೂ ಹಿಂದಿರುಗಿಸಿ ಕೊಡಲಾರದು.

ಅನ್ಯಾಯವಾದಾಗ ಕೂಗುವದು ತಪ್ಪಲ್ಲ. ಕೂಗದಿದ್ದರೆ ಇದ್ದ ಹುದ್ದೆಗಳೂ ಉಳಿಯುತ್ತಿರಲಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಈ ಪದ್ಧತಿಯು ಇನ್ನೆಷ್ಟು ಕಾಲ ನಡೆಯಬೇಕು? ಬಾವಿಯನ್ನು ಮೊದಲೇ ತೋಡಿಡುವ ಉಪಾಯವೊಂದುಂಟು. ಗಡಿಯ ಊರುಗಳಲ್ಲಿಯೇ ಹುಟ್ಟಿ ಬೆಳೆದು, ಅಲ್ಲಿಯ ಎರಡೂ ನುಡಿಗಳನ್ನು ಆಡುತ್ತಿರುವ ಜಾಣ ಹುಡುಗ ಹುಡುಗಿಯರನ್ನು ಆರಿಸಿ, ಅವರಿಗೆ ವಿದ್ಯಾರ್ಥಿವೇತನವನ್ನು ಕೊಟ್ಟು, ಎರಡು ಭಾಷೆಗಳಲ್ಲಿಯೂ ಪಾಠ ಹೇಳಬಲ್ಲ ಶಿಕ್ಷಕರನ್ನಾಗಿ ತರಬೇತುಗೊಳಿಸಿ, ಅದೇ ಊರುಗಳ ಶಾಲೆಗಳಿಗೆ ಕಳಿಸುವದೇ ಆ ಉಪಾಯ. ಇಂದು ನಾವು ಓದುಗರ ಮುಂದೆ ಇಡಬೇಕೆಂದಿರುವದು ಈ ಒಂದೇ ಮಾತನ್ನು.

ಮೊದಲು ಕಾನೂನಿನ ಮಾತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕನ್ನಡ ನಾಡು ಒಂದಾದಾಗ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳದ ಪಾಲಿಗೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ವರದಿ ಕೊಟ್ಟರೂ ಆ ವರದಿಯು ಕಾಗದದಲ್ಲಿಯೇ ಉಳಿಯಿತು. ಗಡಿಯ ವ್ಯಾಜ್ಯವು ಹೇಗಾದರೂ ಇರಲಿ, ಮಗುವಿನ ಹಕ್ಕು ಗಡಿಯನ್ನು ಅವಲಂಬಿಸಿಲ್ಲ. 1949ರ ಆಗಸ್ಟಿನಲ್ಲಿಯೇ ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು, ಒಂದು ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ನುಡಿಯವರಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ತಾಯ್ನುಡಿಯಲ್ಲಿಯೇ ಪಾಠ ಹೇಳುವ ಏರ್ಪಾಡಾಗಬೇಕೆಂದು ಗೊತ್ತುಪಡಿಸಿತು. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ 350ಎ ಎಂಬ ಅನುಚ್ಛೇದವು ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದೆಂದು ವಿಧಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ, ಸಾಧ್ಯವಿರುವ ಮಟ್ಟಿಗೆ ಪಾಠದ ಮಾಧ್ಯಮವು ಮಗುವಿನ ತಾಯ್ನುಡಿಯಾಗಿರತಕ್ಕದ್ದೆಂದು ಹೇಳುತ್ತದೆ.

ಕಾನೂನನ್ನು ಓದಿದವರಿಗೆ ಇಲ್ಲಿಯ ಎರಡು ಪದಗಳು ಕೂಡಲೇ ಕಣ್ಣಿಗೆ ಬೀಳುವವು. ಸಂವಿಧಾನವು “ಪ್ರಯತ್ನ” ಎನ್ನುತ್ತದೆ. ಕಾಯಿದೆಯು “ಸಾಧ್ಯವಿರುವ ಮಟ್ಟಿಗೆ” ಎನ್ನುತ್ತದೆ. ಈ ಎರಡು ಕಿಂಡಿಗಳ ಮೂಲಕವೇ ಸರಕಾರಗಳು ತಮ್ಮ ಹೊಣೆಯಿಂದ ಜಾರಿಕೊಳ್ಳುವವು. “ನಾವು ಹುದ್ದೆಯನ್ನು ಜಾಹೀರು ಮಾಡಿದೆವು, ಅರ್ಹರು ಸಿಗಲಿಲ್ಲ, ಸಾಧ್ಯವಾಗಲಿಲ್ಲ” ಎಂದು ಹೇಳಿಬಿಟ್ಟರೆ ವಾದ ಮುಗಿಯಿತು. ಆದುದರಿಂದ ಗಡಿನಾಡಿನ ಮಗುವಿನ ಹಕ್ಕೆಲ್ಲವೂ ಕೊನೆಗೆ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಅರ್ಹ ಶಿಕ್ಷಕರು ಇದ್ದಾರೆಯೆ, ಇಲ್ಲವೆ? ಇದ್ದರೆ ಸರಕಾರದ ನೆವಕ್ಕೆ ಎಡೆಯಿಲ್ಲ. ಇಲ್ಲದಿದ್ದರೆ ಎಷ್ಟು ಅನುಚ್ಛೇದಗಳನ್ನು ಉದ್ಧರಿಸಿದರೂ ತರಗತಿಯ ಕುರ್ಚಿ ಬರಿದಾಗಿಯೇ ಇರುವದು. ಶಿಕ್ಷಕರನ್ನು ತಯಾರಿಸುವ ಕೆಲಸವು ಹೀಗೆ ಹಕ್ಕಿನ ಅಡಿಗಲ್ಲಾಗಿದೆ.

ಎರಡು ನುಡಿಯ ಶಿಕ್ಷಕರೆಂದರೆ ಯಾರು? ಎರಡು ಭಾಷೆಗಳಲ್ಲಿ ಸಂತೆಯ ವ್ಯವಹಾರ ಮಾಡಬಲ್ಲವರೆಲ್ಲರೂ ದ್ವಿಭಾಷಾ ಶಿಕ್ಷಕರಲ್ಲ. ಕಾಸರಗೋಡನ್ನು ಸಪ್ತಭಾಷೆಗಳ ಸಂಗಮಭೂಮಿಯೆಂದು ಕರೆಯುವ ವಾಡಿಕೆಯುಂಟು. ಅಲ್ಲಿಯ ಒಂದು ಮಗು ಮನೆಯಲ್ಲಿ ತುಳುವನ್ನಾಡುವದು, ಶಾಲೆಯಲ್ಲಿ ಕನ್ನಡವನ್ನೋದುವದು, ಪಂಚಾಯತಿಯ ಕಚೇರಿಯಲ್ಲಿ ಮಲಯಾಳದ ಕಾಗದವನ್ನು ನೋಡುವದು. ಇನ್ನೊಂದು ಮಗುವಿನ ಮನೆಮಾತು ಕೊಂಕಣಿಯೊ, ಮರಾಠಿಯೊ, ಬ್ಯಾರಿಯೊ ಆಗಿರುವದು. ಇಂಥ ಮಕ್ಕಳ ನಡುವೆ ನಿಂತು ಒಂದು ನುಡಿಯಿಂದ ಇನ್ನೊಂದು ನುಡಿಗೆ ಸೇತುವೆ ಕಟ್ಟಿ, ಆ ಸೇತುವೆಯ ಮೇಲೆ ವಿಷಯಜ್ಞಾನವನ್ನು ದಾಟಿಸಬಲ್ಲವರೇ ದ್ವಿಭಾಷಾ ಶಿಕ್ಷಕರು.

ಒಂದು ಸಣ್ಣ ದೃಷ್ಟಾಂತವನ್ನು ನೋಡಿರಿ. ಭಿನ್ನರಾಶಿಯ ಮೇಲಿನ ಸಂಖ್ಯೆಯನ್ನು ನಾವು ಅಂಶವೆನ್ನುವೆವು, ಕೆಳಗಿನದನ್ನು ಛೇದವೆನ್ನುವೆವು. ಮಲಯಾಳದಲ್ಲಿಯೂ ಅವು ಅಂಶ, ಛೇದಗಳೇ. ಎರಡೂ ನುಡಿಗಳನ್ನು ಬಲ್ಲ ಶಿಕ್ಷಕರು ಈ ಸಂಬಂಧವನ್ನು ತೋರಿಸಿಕೊಟ್ಟರೆ ಮಗುವಿನ ಅರ್ಧ ಭಯ ಅಲ್ಲಿಗೇ ಹೋಗುವದು. ಆದರೆ ನೆಂಟಸ್ತಿಕೆಯಿರುವಲ್ಲಿಯೇ ಮೋಸವೂ ಇರುವದು. ನಮಗೆ “ಅವಸರ”ವೆಂದರೆ ತ್ವರೆ. ಮಲಯಾಳದವರಿಗೆ ಅದು ಸಂದರ್ಭ, ಅವಕಾಶ. ನಮಗೆ “ಸಂಸಾರ”ವೆಂದರೆ ಮನೆಮಂದಿ; ಅವರಿಗೆ ಅದು ಮಾತುಕತೆ. ಎರಡು ನುಡಿಗಳ ನಡುವಿನ ಈ ನೆಂಟಸ್ತಿಕೆಯನ್ನೂ ಈ ಮೋಸವನ್ನೂ ಅರಿತು, ತಪ್ಪು ಮಾಡಿದ ಮಗುವನ್ನು ದಡ್ಡನೆಂದು ಜರೆಯದೆ, ತಪ್ಪು ಎಲ್ಲಿಂದ ಹುಟ್ಟಿತೆಂಬುದನ್ನು ಕಂಡು ತಿದ್ದುವದು ಒಂದು ವಿದ್ಯೆ. ಆ ವಿದ್ಯೆಯು ಮೂರು ತಿಂಗಳ ವರ್ಗದಲ್ಲಿ ಬರಲಾರದು. ಹುದ್ದೆಯ ಜಾಹೀರಾತಿನಲ್ಲಿ “ಕನ್ನಡ ಬಲ್ಲವರು” ಎಂದು ಬರೆದ ಮಾತ್ರಕ್ಕಂತೂ ಬರಲಾರದು.

ಹಾಗಾದರೆ ಗಡಿನಾಡಿನ ಜಾಣ ಮಕ್ಕಳು ಈ ವಿದ್ಯೆಗೆ ಏಕೆ ಬರುತ್ತಿಲ್ಲ? ಕಾರಣವು ಗೂಢವಾದುದಲ್ಲ. ಹನ್ನೆರಡನೆಯ ತರಗತಿಯನ್ನು ಒಳ್ಳೆಯ ಗುಣಗಳಿಂದ ತೇರ್ಗಡೆಯಾದ ಬಡವರ ಮನೆಯ ಹುಡುಗಿಯ ಮುಂದೆ ದಾರಿಗಳು ತೆರೆದಿರುವವು. ಶಿಕ್ಷಕ ತರಬೇತಿಯ ದಾರಿಯು ಎರಡು ವರ್ಷದ್ದೊ ನಾಲ್ಕು ವರ್ಷದ್ದೊ ಆಗಿದೆ. ಅದರ ಆಚೆಗೆ ಅರ್ಹತಾ ಪರೀಕ್ಷೆ. ಅದರ ಆಚೆಗೆ ಹುದ್ದೆಯ ಜಾಹೀರಾತಿಗಾಗಿ ಕಾಯುವ ಕಾಲ. ಕನ್ನಡದಲ್ಲಿ ತರಬೇತಿ ಬೇಕಾದರೆ ಅನೇಕರು ಮನೆ ಬಿಟ್ಟು ಬೇರೆ ಊರಿಗೆ ಹೋಗಿ ಉಳಿಯಬೇಕು. ಊಟ, ವಸತಿ, ಶುಲ್ಕ, ಪುಸ್ತಕ, ಬಸ್ಸಿನ ಹಣ, ಇವೆಲ್ಲವನ್ನೂ ಅಡಕೆತೋಟದ ಕೂಲಿಯಿಂದಲೊ ಬೀಡಿ ಕಟ್ಟಿದ ಹಣದಿಂದಲೊ ಹೊಂದಿಸಬೇಕಾದ ತಂದೆತಾಯಂದಿರು ಮಗಳಿಗೆ ಏನು ಹೇಳುವರು? “ನಾಳೆಯೇ ಸಂಬಳ ಬರುವ ಕೆಲಸವನ್ನು ನೋಡಮ್ಮಾ” ಎನ್ನುವರು. ಅವರ ಮಾತು ತಪ್ಪಲ್ಲ. ತಪ್ಪು ಆ ಮನೆಯ ಭಾರವನ್ನು ಹಂಚಿಕೊಳ್ಳದ ನಮ್ಮದು.

ಈ ಮಾತನ್ನು ದಿಲ್ಲಿಯ ಸರಕಾರವೂ ಒಪ್ಪಿಕೊಂಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೆಲವು ಅಂಗಗಳ ವಿಷಯದಲ್ಲಿ ಭಿನ್ನಾಭಿಪ್ರಾಯಗಳುಂಟು. ಅವನ್ನು ಇಲ್ಲಿ ಚರ್ಚಿಸುವದಿಲ್ಲ. ಆದರೆ ಅದರ ಐದನೆಯ ಅಧ್ಯಾಯದಲ್ಲಿ ಒಂದು ಒಳ್ಳೆಯ ಮಾತಿದೆ. ನಾಲ್ಕು ವರ್ಷದ ಸಂಯುಕ್ತ ಬಿ.ಎಡ್. ಓದುವವರಿಗೆ ದೇಶದಾದ್ಯಂತ ಯೋಗ್ಯತೆಯ ಮೇಲೆ ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಬೇಕು. ಗ್ರಾಮಪ್ರದೇಶಗಳಲ್ಲಿ ವಿಶೇಷ ವೇತನಗಳನ್ನು ಕೊಟ್ಟು, ಪದವಿ ಮುಗಿದ ಮೇಲೆ ಅವರವರ ಸ್ಥಳದಲ್ಲಿಯೇ ನೌಕರಿಗೆ ಪ್ರಾಶಸ್ತ್ಯವನ್ನು ಕೊಡಬೇಕು. ಹೀಗೆ ಮಾಡಿದರೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಊರಿನಲ್ಲಿಯೇ ಉದ್ಯೋಗ ದೊರೆತು, ಊರಿನ ನುಡಿಯನ್ನಾಡುವ ಉತ್ತಮ ಶಿಕ್ಷಕರು ಊರಿಗೆ ದೊರೆಯುವರೆಂದು ಆ ನೀತಿಯು ಹೇಳುತ್ತದೆ. ಇನ್ನೊಂದು ಕಡೆಯಲ್ಲಿ ಗಣಿತ ವಿಜ್ಞಾನಗಳನ್ನು ಎರಡು ಭಾಷೆಗಳಲ್ಲಿ ಕಲಿಸುವವರನ್ನು ಸಿದ್ಧಪಡಿಸಲು ದ್ವಿಭಾಷೆಯಲ್ಲಿ ನಡೆಯುವ ಬಿ.ಎಡ್. ಪಾಠಕ್ರಮಗಳ ಮಾತನ್ನೂ ಅದು ಎತ್ತಿದೆ. ಈ ಎರಡು ಮಾತುಗಳನ್ನು ಒಂದುಗೂಡಿಸಿದರೆ ನಾವು ಬೇಡುತ್ತಿರುವದೇ ಆಗುವದು. ನೀತಿಯ ಪುಸ್ತಕದಲ್ಲಿ ಅಕ್ಷರವಾಗಿ ಕುಳಿತಿರುವದನ್ನು ಮಂಜೇಶ್ವರದಲ್ಲಿ, ಅಕ್ಕಲಕೋಟೆಯಲ್ಲಿ, ತಾಳವಾಡಿಯಲ್ಲಿ, ಮಡಕಶಿರದಲ್ಲಿ ಶಿಕ್ಷಕರಾಗಿ ನಿಲ್ಲಿಸುವವರು ಯಾರು ಎಂಬುದಷ್ಟೇ ಪ್ರಶ್ನೆ.

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳನ್ನು ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಮೈಸೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯುಂಟು. ದಕ್ಷಿಣದ ರಾಜ್ಯಗಳ ವಿದ್ಯಾರ್ಥಿಗಳು ಒಂದೇ ಆವರಣದಲ್ಲಿ ಕೂಡಿ ಓದಿ ಶಿಕ್ಷಕರಾಗಿ ಹೊರಡುವ ಸ್ಥಳವದು. ಅದೇ ಮೈಸೂರಿನಲ್ಲಿ 1969ರಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯು ಹುಟ್ಟಿತು. ಅದರ ಅಂಗವಾದ ದಕ್ಷಿಣದ ಭಾಷಾ ಕೇಂದ್ರದಲ್ಲಿ, ಸರಕಾರಗಳು ಕಳಿಸಿಕೊಟ್ಟ ಶಿಕ್ಷಕರು ಹತ್ತು ತಿಂಗಳು ನಿಂತು ತಮ್ಮದಲ್ಲದ ಇನ್ನೊಂದು ಭಾಷೆಯನ್ನು ವೇತನಸಹಿತವಾಗಿ ಕಲಿಯುವ ವ್ಯವಸ್ಥೆಯು ಹಲವು ದಶಕಗಳಿಂದ ನಡೆದುಬಂದಿದೆ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ಕರ್ನಾಟಕ ಸರಕಾರವು 2010ರ ಕಾಯಿದೆಯ ಪ್ರಕಾರ ಸ್ಥಾಪಿಸಿದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. ಹೊರನಾಡು ಗಡಿನಾಡುಗಳ ಕನ್ನಡ ಮಕ್ಕಳಿಗೆ ಕನ್ನಡದ ಪರೀಕ್ಷೆಯನ್ನು ನಡೆಸಿ, ವೃತ್ತಿಶಿಕ್ಷಣದ ಸೀಟುಗಳಿಗೆ ಅರ್ಹತೆಯನ್ನು ಕೊಡುವ ಪದ್ಧತಿಯೂ ಕರ್ನಾಟಕದಲ್ಲಿದೆ. ಗಡಿಯ ಮಗು ಎಂಜಿನಿಯರನಾಗಲು ನಾವು ಬಾಗಿಲು ತೆರೆದಿರುವೆವು. ಅದೇ ಮಗು ಗಡಿಯ ಶಾಲೆಯ ಶಿಕ್ಷಕನಾಗಲು ಅಷ್ಟೇ ಆದರದ ಬಾಗಿಲನ್ನು ತೆರೆಯುವದು ಬೇಡವೆ?

ಇದು ಕನ್ನಡಿಗರಿಗೆ ಹೊಸ ವಿಚಾರವೂ ಅಲ್ಲ. ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1833–1881) ಏನು ಮಾಡಿದರು? ಪುಣೆಯಲ್ಲಿ ಓದಿ ಮರಾಠಿ ಇಂಗ್ಲಿಷುಗಳನ್ನು ಬಲ್ಲವರಾಗಿದ್ದ ಅವರು ಆ ಭಾಷೆಗಳನ್ನು ನಿಂದಿಸುತ್ತ ಕಾಲ ಕಳೆಯಲಿಲ್ಲ. ವಿದ್ಯಾಖಾತೆಯಲ್ಲಿ ನಿಂತು ಕನ್ನಡ ಶಾಲೆಗಳನ್ನು ತೆರೆಯಿಸಿದರು. ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರು ತಯಾರಾಗುವಂತೆ ನೋಡಿಕೊಂಡರು. ಶಾಲೆಯ ಹಲಗೆಯನ್ನು ಬದಲಿಸಿದರೆ ಸಾಲದು, ಶಾಲೆಯೊಳಗಣ ಗುರುವನ್ನು ತಯಾರಿಸಬೇಕೆಂಬ ವಿವೇಕವು ಅವರಿಗಿತ್ತು. ಆ ಕಾಲದ ಟ್ರೇನಿಂಗ್ ಶಾಲೆಗಳಲ್ಲಿ ಕಲಿಯುವವರಿಗೆ ಹೊಟ್ಟೆಗೆ ಸಾಕಾಗುವಷ್ಟು ವೇತನವನ್ನು ಕೊಟ್ಟು ಓದಿಸುವ ರೂಢಿಯೂ ಇತ್ತು. ಪರಕೀಯ ಸರಕಾರವು ತನ್ನ ಅನುಕೂಲಕ್ಕಾಗಿಯಾದರೂ ಮಾಡಿದುದನ್ನು ಸ್ವರಾಜ್ಯದ ಸರಕಾರಗಳು ಮಾಡಲಾರವೆಂದರೆ ಯಾರು ಒಪ್ಪುವರು?

ಹೊರನಾಡುಗಳ ಮಾದರಿಯೊಂದನ್ನೂ ಹೇಳಬಹುದು. ಇಂಗ್ಲೆಂಡಿನ ಮಗ್ಗುಲಲ್ಲಿರುವ ವೇಲ್ಸ್ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ, ಶಾಲೆಯಲ್ಲಿ ತಾಯ್ನುಡಿಯನ್ನಾಡಿದ ಮಗುವಿನ ಕೊರಳಿಗೆ ಮರದ ತುಂಡನ್ನು ತೂಗಹಾಕಿ ಅವಮಾನಪಡಿಸುತ್ತಿದ್ದರು. ಇಂದು ಆ ನಾಡಿನಲ್ಲಿ ವೇಲ್ಸ್ ನುಡಿಯನ್ನು ಬಲ್ಲವರು ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ. 2021ರ ಜನಗಣತಿಯಲ್ಲಿ ನೂರಕ್ಕೆ 17.8. ಆದರೂ 2050ನೆಯ ವರ್ಷದ ಹೊತ್ತಿಗೆ ಹತ್ತು ಲಕ್ಷ ಜನರು ಆ ನುಡಿಯನ್ನಾಡುವಂತಾಗಬೇಕೆಂದು ಅಲ್ಲಿಯ ಸರಕಾರವು ಸಂಕಲ್ಪ ಮಾಡಿದೆ. ಆ ಸಂಕಲ್ಪವನ್ನು ನಡೆಸಲು ಅದು ಹಿಡಿದ ದಾರಿಗಳಲ್ಲಿ ಶಿಕ್ಷಕವಿದ್ಯಾರ್ಥಿಗಳ ಪ್ರೋತ್ಸಾಹಧನವೂ ಒಂದು. ವೇಲ್ಸ್ ನುಡಿಯಲ್ಲಿ ಪ್ರೌಢಶಾಲೆಯ ಪಾಠ ಹೇಳಲು ತರಬೇತಿ ಪಡೆಯುವವರಿಗೆ 2018ರಲ್ಲಿ ಗೊತ್ತುಪಡಿಸಿದ ಮೊತ್ತ 5,000 ಪೌಂಡು. ಆ ಮೊತ್ತವನ್ನು ಒಂದೇ ಸಲ ಕೈಗೆ ಹಾಕಲಿಲ್ಲ. ಅರ್ಧವನ್ನು ತರಬೇತಿ ಮುಗಿಸಿ ಅರ್ಹತೆ ಪಡೆದಾಗ, ಉಳಿದರ್ಧವನ್ನು ಶಾಲೆಗೆ ಸೇರಿ ಮೊದಲ ಅವಧಿಯ ಕೆಲಸವನ್ನು ಪೂರೈಸಿದಾಗ ಕೊಡುವಂತೆ ಕಟ್ಟುಮಾಡಿದರು. ಹಣವು ಪದವಿಗಾಗಿ ಮಾತ್ರವಲ್ಲ, ತರಗತಿಗಾಗಿ ಎಂಬ ಅರ್ಥವು ಇಲ್ಲಿ ಸ್ಪಷ್ಟವಾಗಿದೆ. ನಾವು ಕಲಿಯತಕ್ಕ ಪಾಠವಿದು.

ಈಗ ನಮ್ಮ ಸೂಚನೆಯನ್ನು ಅಂಕೆಸಂಖ್ಯೆಗಳಲ್ಲಿ ಹೇಳುವೆವು. ಗಡಿಯ ತಾಲೂಕುಗಳಲ್ಲಿ ಕನ್ನಡವನ್ನೂ ಆಯಾ ರಾಜ್ಯದ ಭಾಷೆಯನ್ನೂ ಬಲ್ಲ ನೂರು ಜನ ವಿದ್ಯಾರ್ಥಿಗಳನ್ನು ಪ್ರತಿವರ್ಷ ಹನ್ನೆರಡನೆಯ ತರಗತಿಯ ತರುವಾಯ ಆರಿಸಬೇಕು. ಆಯ್ಕೆಯು ಗುಣಪತ್ರಿಕೆಯನ್ನು ಮಾತ್ರ ನೋಡಿ ಆಗಕೂಡದು. ಎರಡು ನುಡಿಗಳಲ್ಲಿಯೂ ಬರಹದ ಪರೀಕ್ಷೆ, ಮಾತಿನ ಪರೀಕ್ಷೆಗಳು ನಡೆಯಬೇಕು. ಆರಿಸಿದ ಪ್ರತಿಯೊಬ್ಬರಿಗೂ ತಿಂಗಳಿಗೆ 5,000 ರೂಪಾಯಿಯಂತೆ ನಾಲ್ಕು ವರ್ಷ ವೇತನವನ್ನು ಕೊಡಬೇಕು. ಒಂದು ತಂಡಕ್ಕೆ ವರ್ಷಕ್ಕೆ 60 ಲಕ್ಷ ರೂಪಾಯಿಗಳಾಗುವವು. ನಾಲ್ಕು ತಂಡಗಳು ಒಟ್ಟಿಗೆ ಓದುವ ಹಂತಕ್ಕೆ ಬಂದಾಗ ವರ್ಷಕ್ಕೆ 2 ಕೋಟಿ 40 ಲಕ್ಷ. ಒಂದು ರಾಜ್ಯದ ಬೊಕ್ಕಸಕ್ಕೆ ಇದೊಂದು ಹೊರೆಯೆಂದು ಹೇಳುವ ಧೈರ್ಯ ಯಾವ ಅರ್ಥಸಚಿವರಿಗೂ ಆಗಲಾರದು. ಇದರ ಒಂದು ಭಾಗವನ್ನು ತಡೆದಿಟ್ಟು ಹುದ್ದೆಗೆ ಸೇರಿದ ತರುವಾಯ ಕೊಡಬಹುದು. ವೇತನ ಪಡೆದವರು ಗಡಿಯ ಕನ್ನಡ ಶಾಲೆಯಲ್ಲಿ ಕನಿಷ್ಠ ಐದು ವರ್ಷ ಸೇವೆ ಮಾಡುವದಾಗಿ ಒಪ್ಪಿಗೆಯನ್ನು ಬರೆದುಕೊಡಬೇಕು. ಆದರೆ ಆ ಒಪ್ಪಿಗೆಯು ಒಂದೇ ಕಡೆಯದಾಗಿರಕೂಡದು. ಹುದ್ದೆಯನ್ನು ಒದಗಿಸುವ ಹೊಣೆಯನ್ನು ಸರಕಾರವೂ ಹೊರಬೇಕು. ಹುದ್ದೆಯೇ ಇಲ್ಲದಾಗ ಸೇವೆಯ ಕರಾರನ್ನು ಮುಂದೆ ಹಿಡಿದು ಬಡ ಹುಡುಗಿಯಿಂದ ಹಣವನ್ನು ವಸೂಲು ಮಾಡುವದು ಕರಾರಿನ ಹೆಸರಿನಲ್ಲಿ ನಡೆಯುವ ಅನ್ಯಾಯವಾದೀತು.

ಎರಡನೆಯ ಸೂಚನೆಯು ಮಾನ್ಯತೆಯದು. ಒಂದು ರಾಜ್ಯದಲ್ಲಿ ಪಡೆದ ತರಬೇತಿಯನ್ನು ಇನ್ನೊಂದು ರಾಜ್ಯದ ನೇಮಕಾತಿಯಲ್ಲಿ ತೊಡಕಿಲ್ಲದೆ ಮನ್ನಿಸುವಂತೆ ಎರಡೂ ಸರಕಾರಗಳು ಮೊದಲೇ ಬರವಣಿಗೆಯಲ್ಲಿ ಒಪ್ಪಿಕೊಂಡಿರಬೇಕು. ಕೇರಳದ ಲೋಕಸೇವಾ ಆಯೋಗವು ಕನ್ನಡ ಮಾಧ್ಯಮದ ಹುದ್ದೆಗಳನ್ನು ಬೇರೆಯಾಗಿಯೇ ಜಾಹೀರು ಮಾಡುವದುಂಟು. ಇದು ಒಳ್ಳೆಯ ಪದ್ಧತಿ. ಆದರೆ ಕನ್ನಡ ಬಲ್ಲೆನೆಂಬ ಮಾತಿಗೆ ಪ್ರಮಾಣವೇನೆಂಬುದು ಸಡಿಲವಾಗಿದ್ದರೆ ಆ ಪದ್ಧತಿಯ ಪ್ರಯೋಜನವೆಲ್ಲ ಸೋರಿಹೋಗುವದು. ಕಲಿಸಲು ಬರುವವರಿಗೆ ಕನ್ನಡದಲ್ಲಿ ಒಂದು ಪಾಠವನ್ನು ಹೇಳಿಸಿ ನೋಡಿದರೆ ಸಾಕು. ಹತ್ತು ನಿಮಿಷಗಳಲ್ಲಿ ಸತ್ಯವು ಹೊರಬೀಳುವದು.

ಇನ್ನು ಆಕ್ಷೇಪಗಳು. “ಇನ್ನೊಂದು ರಾಜ್ಯದ ಶಾಲೆಗೆ ಕರ್ನಾಟಕದ ಹಣವೇಕೆ?” ಎಂದು ಕೇಳುವವರುಂಟು. ಹೊಣೆಯು ಮೊದಲು ಆಯಾ ರಾಜ್ಯದ್ದೇ. ಸಂವಿಧಾನವು ಅದನ್ನು ಅವರ ಮೇಲೆಯೇ ಹೊರಿಸಿದೆ. ಆದುದರಿಂದ ವೆಚ್ಚವನ್ನು ಎರಡು ರಾಜ್ಯಗಳೂ ದಿಲ್ಲಿಯ ಸರಕಾರವೂ ಹಂಚಿಕೊಳ್ಳುವದು ನ್ಯಾಯ. ಆದರೆ ಅವರ ಪಾಲು ಬರುವ ವರೆಗೆ ನಮ್ಮ ಪಾಲನ್ನು ತಡೆಹಿಡಿದರೆ ನಷ್ಟವಾಗುವದು ಮಗುವಿಗೆ. “ವೇತನವನ್ನು ತಿಂದು ಬೇರೆ ನೌಕರಿಗೆ ಓಡಿಹೋಗುವರು” ಎನ್ನುವವರೂ ಉಂಟು. ಕೆಲವರು ಹೋಗಬಹುದು. ಆದರೆ ಊರಿನ ಮಗಳನ್ನು ಊರಿನ ಶಾಲೆಗೆ ಕಳಿಸುವ ಯೋಜನೆಯಲ್ಲಿ ಓಡಿಹೋಗುವವರು ಕಡಿಮೆ. ದೂರದ ಜಿಲ್ಲೆಯಿಂದ ಬಂದು, ಬಂದ ದಿನದಿಂದಲೇ ವರ್ಗದ ಅರ್ಜಿಯನ್ನು ಬರೆಯುವವರಿಗಿಂತ ಅವಳು ಹೆಚ್ಚು ದಿನ ನಿಲ್ಲುವಳು.

“ಮಲಯಾಳವನ್ನೋ ಮರಾಠಿಯನ್ನೋ ಕಲಿಸುವ ಶಿಕ್ಷಕರನ್ನು ಕನ್ನಡದ ಹಣದಿಂದ ತಯಾರಿಸುವದು ಕನ್ನಡಕ್ಕೆ ದ್ರೋಹವಲ್ಲವೆ?” ಎಂಬುದು ಅಭಿಮಾನಿಗಳ ಆಕ್ಷೇಪ. ಈ ಬಂಧುಗಳಿಗೆ ನಾವು ವಿನಯದಿಂದ ಒಂದು ಮಾತನ್ನು ಹೇಳುವೆವು. ತಮಿಳುನಾಡು 2006ರಲ್ಲಿ, ಕೇರಳವು 2017ರಲ್ಲಿ, ತೆಲಂಗಾಣವು 2018ರಲ್ಲಿ, ಮಹಾರಾಷ್ಟ್ರವು 2020ರಲ್ಲಿ ತಮ್ಮ ತಮ್ಮ ಭಾಷೆಯನ್ನು ಶಾಲೆಗಳಲ್ಲಿ ಕಲಿಸುವದನ್ನು ಕಡ್ಡಾಯಗೊಳಿಸುವ ಕಾನೂನುಗಳನ್ನು ಮಾಡಿದವು. ನಮ್ಮ ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆಯ ಕಾಯಿದೆಯನ್ನು ಮಾಡಿತು. ಗಡಿಯ ಮಗುವಿಗೆ ರಾಜ್ಯದ ಭಾಷೆಯನ್ನು ಕಲಿಯದೆ ಜೀವನ ನಡೆಯದು. ಹಾಗಿರುವಲ್ಲಿ ಅದನ್ನು ಕಲಿಸುವವರು ಕನ್ನಡವನ್ನರಿಯದವರಾದರೆ ಮಗುವು ಕನ್ನಡವನ್ನು ಹೊರೆಯೆಂದು ತಿಳಿಯುವದು. ಕಲಿಸುವವರು ಕನ್ನಡದ ಮೂಲಕವೇ ಆ ಭಾಷೆಗೆ ಕರೆದೊಯ್ದರೆ ಮಗುವು ಕನ್ನಡವನ್ನು ಊರುಗೋಲೆಂದು ತಿಳಿಯುವದು. ಗಡಿನಾಡಿನಲ್ಲಿ ಕನ್ನಡವು ಉಳಿಯುವದು ಎರಡನೆಯ ದಾರಿಯಿಂದಲೇ.

ಕೇಳುವವರು ಕೊಡುವವರೂ ಆಗಿರಬೇಕೆಂಬುದನ್ನೂ ಮರೆಯಕೂಡದು. ಬೆಳಗಾವಿಯ ಕಡೆಯ ಮರಾಠಿ ಶಾಲೆಗಳಲ್ಲಿ, ಆಂಧ್ರದ ಗಡಿಯ ತೆಲುಗು ಮನೆಗಳಲ್ಲಿ, ಊರೂರಿನ ಉರ್ದು ಶಾಲೆಗಳಲ್ಲಿ ಓದುವ ಮಕ್ಕಳು ನಮ್ಮ ರಾಜ್ಯದ ಮಕ್ಕಳು. ಅವರ ನುಡಿಯನ್ನೂ ಕನ್ನಡವನ್ನೂ ಚೆನ್ನಾಗಿ ಬಲ್ಲ ಶಿಕ್ಷಕರನ್ನು ಇದೇ ಯೋಜನೆಯಲ್ಲಿ ಇದೇ ವೇತನದಿಂದ ತಯಾರಿಸುವದು ನಮ್ಮ ಧರ್ಮ. ಕಾಸರಗೋಡಿನಲ್ಲಿ ನಾವು ಬೇಡುವ ನ್ಯಾಯವನ್ನು ನಮ್ಮ ಗಡಿಯೊಳಗೆ ನಾವೇ ಕೊಡದಿದ್ದರೆ ನಮ್ಮ ವಾದವನ್ನು ಯಾವ ನ್ಯಾಯಾಧೀಶರು ಕೇಳುವರು? ಲಂಬಾಣಿ ತಾಂಡೆಗಳ ಮಕ್ಕಳು ಒಂದನೆಯ ತರಗತಿಗೆ ಬಂದಾಗ ಕನ್ನಡವೇ ಅವರಿಗೆ ಪರಭಾಷೆಯಾಗಿರುವದನ್ನು ಬಲ್ಲವರು ಬಲ್ಲರು. ಅಲ್ಲಿಯೂ ತಾಂಡೆಯ ಮಗಳೇ ಶಿಕ್ಷಕಿಯಾಗಿ ನಿಂತರೆ ಮಗುವಿಗೆ ಮೊದಲ ದಿನದ ಅಳು ಅರ್ಧವಾಗುವದು.

ಇಂಗ್ಲಿಷಿನ ಮಾತನ್ನೂ ಬಿಡುವಂತಿಲ್ಲ. ಮಾಧ್ಯಮವನ್ನು ಸರಕಾರವು ಹೇರಲಾಗದೆಂದು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. 2019–20ರಲ್ಲಿ ಕರ್ನಾಟಕ ಸರಕಾರವು ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗಗಳನ್ನು ತೆರೆಯಲು ಹೊರಟಿತು. ತರುವಾಯ ಕನ್ನಡ ಇಂಗ್ಲಿಷುಗಳೆರಡರಲ್ಲಿಯೂ ಕಲಿಸುವ ದ್ವಿಭಾಷಾ ವಿಭಾಗಗಳು ಬಂದವು. ಇದು ಸರಿಯೊ ತಪ್ಪೊ ಎಂಬ ವಾದವು ಇನ್ನೂ ಮುಗಿದಿಲ್ಲ. ಆದರೆ ವಿಭಾಗವನ್ನು ತೆರೆದಷ್ಟು ಸುಲಭವಾಗಿ ಶಿಕ್ಷಕರನ್ನು ತೆರೆಯಲಾಗದೆಂಬುದರಲ್ಲಿ ವಾದವಿಲ್ಲ. ಕನ್ನಡ ಮಾಧ್ಯಮಕ್ಕಾಗಿ ತರಬೇತಿ ಪಡೆದವರಿಗೆ ಕೆಲವು ದಿನಗಳ ವರ್ಗವನ್ನು ನಡೆಸಿ, ನಾಳೆಯಿಂದ ಎರಡು ಭಾಷೆಗಳಲ್ಲಿ ಕಲಿಸಿರೆಂದರೆ ಮಗುವು ಎರಡೂ ಕಡೆಗೆ ಸಲ್ಲದಂತಾಗುವದು. ಗಡಿಯ ಶಾಲೆಗೆ ಹೇಳಿದ ಮಾತು ನಡುನಾಡಿನ ಶಾಲೆಗೂ ಸಲ್ಲುತ್ತದೆ: ಮೊದಲು ಗುರು, ಆಮೇಲೆ ವಿಭಾಗ.

ಕಾಸರಗೋಡಿನ ಪೆರಡಾಲದಲ್ಲಿ ಶಿಕ್ಷಕರಾಗಿದ್ದು ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳನ್ನು (1915–2015) ಈ ಸಂದರ್ಭದಲ್ಲಿ ನೆನೆಯದಿರಲಾರೆವು. ಕಾಸರಗೋಡು ಕನ್ನಡ ನಾಡಿಗೆ ಸೇರಬೇಕೆಂದು ಕೊನೆಯುಸಿರಿನ ವರೆಗೆ ಹಂಬಲಿಸಿದವರು ಅವರು. ಅದೇ ಕೈಯಿಂದ ತುಳುವಿನಲ್ಲಿ ಕವಿತೆಗಳನ್ನು ಬರೆದರು. ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯಗಳನ್ನು ಕನ್ನಡಕ್ಕೆ ತಂದರು. ತನ್ನ ನುಡಿಗಾಗಿ ಹೋರಾಡುವದಕ್ಕೂ ನೆರೆಯ ನುಡಿಯನ್ನು ಗೌರವಿಸಿ ಕಲಿಯುವದಕ್ಕೂ ವಿರೋಧವಿಲ್ಲವೆಂಬುದಕ್ಕೆ ಆ ಶಾಲಾಮಾಸ್ತರರ ಬಾಳೇ ಸಾಕ್ಷಿಯಾಗಿದೆ. ಆದರೆ ಅಂಥವರು ತಾವಾಗಿಯೇ ಹುಟ್ಟಿಬರುವರೆಂದು ಕಾಯುತ್ತ ಕುಳಿತುಕೊಳ್ಳುವದು ನಾಡಿನ ಕೆಲಸವಲ್ಲ. ಅವರು ನಡೆದ ದಾರಿಯನ್ನು ಬಡವರ ಮಕ್ಕಳೂ ನಡೆಯುವಂತೆ ಹಸನುಮಾಡಿಕೊಡುವದೇ ನಾಡಿನ ಕೆಲಸ.

ಆದುದರಿಂದ ಗಡಿ ಪ್ರಾಧಿಕಾರದವರಲ್ಲಿ ನಮ್ಮ ಬಿನ್ನಹವೇನೆಂದರೆ, ಮುಂದಿನ ಶಾಲಾವರ್ಷಕ್ಕೆ ಮೊದಲೇ ಮೊದಲ ತಂಡದ ನೂರು ವೇತನಗಳನ್ನು ಜಾಹೀರು ಮಾಡಿರಿ. ಎರಡೂ ರಾಜ್ಯಗಳ ವಿದ್ಯಾಮಂತ್ರಿಗಳಲ್ಲಿ ನಮ್ಮ ಬಿನ್ನಹವೇನೆಂದರೆ, ಮಾನ್ಯತೆಯ ಒಪ್ಪಂದಕ್ಕೆ ಒಂದು ದಿನ ಒಂದು ಮೇಜಿನ ಎದುರಿಗೆ ಕೂಡಿರಿ. ಕನ್ನಡ ಸಂಘಗಳವರೇ, ನಿಮ್ಮ ವಾರ್ಷಿಕೋತ್ಸವದ ಚಪ್ಪರದ ಹಣದಲ್ಲಿ ಒಂದಂಶವನ್ನು ತೆಗೆದಿಟ್ಟರೆ ಒಬ್ಬ ಹುಡುಗಿಯ ಒಂದು ವರ್ಷದ ವೇತನವಾಗುವದು. ಅರವತ್ತು ಸಾವಿರ ರೂಪಾಯಿ ಒಂದು ಊರಿನ ಸಂಘಕ್ಕೆ ಅಸಾಧ್ಯವಾದ ಮೊತ್ತವಲ್ಲ. ಗಡಿನಾಡಿನ ತಂದೆತಾಯಂದಿರೇ, ನಿಮ್ಮ ಮಕ್ಕಳಲ್ಲಿ ಒಬ್ಬರನ್ನು ಈ ವೃತ್ತಿಗೆ ಕೊಡಿರಿ.

ಇಂದು ಒಂದನೆಯ ತರಗತಿಯಲ್ಲಿ ಅ ಆ ಬರೆಯುತ್ತಿರುವ ಮಗು ಹೈಸ್ಕೂಲಿನ ಬಾಗಿಲಿಗೆ ಬರಲು ಏಳು ವರ್ಷಗಳು ಬೇಕು. ಒಬ್ಬ ಶಿಕ್ಷಕಿಯನ್ನು ತಯಾರಿಸಲು ನಾಲ್ಕು ವರ್ಷಗಳು ಸಾಕು. ಇಂದೇ ಆರಂಭಿಸಿದರೆ ಆ ಮಗು ಹೈಸ್ಕೂಲಿನ ಗಣಿತದ ತಾಸಿಗೆ ಕುಳಿತಾಗ ಎದುರಿಗೆ ತನ್ನ ಮಾತನ್ನು ಬಲ್ಲ ಗುರುವು ನಿಂತಿರುವಳು.